ಕಿಟಕಿಯ ಗಾಜಿಗೆ ಹೋದ ಗುಲಗಂಜಿ ಹುಳುಗಳು

ಪ್ರಶ್ನೆ: ವಿಜಯಪುರದಲ್ಲಿ ನಮ್ಮದು ಎರಡನೆಯ ಮಹಡಿಯ ಮನೆ. ಪಶ್ಚಿಮಕ್ಕಿರುವ ಗ್ಯಾಲರಿಗೆ ಗಾಜು ಹಾಕಿಸಿ, ಎಲ್‌ಇಡಿ ದೀಪ ಕಟ್ಟಿ, ಸುಮಾರು ನಲವತ್ತು ಕುಂಡ ಇಟ್ಟಿದ್ದೇನೆ. ಆರು ದಾಸವಾಳ, ಎಂಟು ಗುಲಾಬಿ, ಹತ್ತು ಮೆಣಸಿನ ಗಿಡ. ಉಳಿದವು ಕ್ರೋಟನ್, ಮನಿ ಪ್ಲಾಂಟ್ ಮುಂತಾದವು. ದಾಸವಾಳದ ಚಿಗುರಿಗೆ ಬಿಳಿ ಹತ್ತಿಯಂಥದ್ದು ಮೆತ್ತಿಕೊಂಡಿದೆ. ಗುಲಾಬಿ ಎಲೆ ಬೂದಿ ಬಣ್ಣಕ್ಕೆ ತಿರುಗಿ, ಕೆಳಗೆ ಸಣ್ಣ ಬಲೆ ಕಾಣುತ್ತದೆ. ಮೆಣಸಿನ ಎಲೆ ಮುಟುರಿದೆ. ಬೇವಿನ ಎಣ್ಣೆ ಎಂಟು ಸಲ ಹೊಡೆದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ವಿಷ ಬೇಡ. ಗುಲಗಂಜಿ ಹುಳು ಕೀಟ ತಿನ್ನುತ್ತದೆ ಎಂದು ಓದಿ, ಎಳ್ಳಮಾವಾಸ್ಯೆಗೆ ತವರಿಗೆ ಹೋದಾಗ ಜೋಳದ ಹೊಲದಿಂದ ಅರವತ್ತು ಹುಳು ಹಿಡಿದು ತಂದು ಬಿಟ್ಟೆ. ಮರುದಿನ ಬೆಳಿಗ್ಗೆ ಎಲ್ಲವೂ ಕಿಟಕಿಯ ಗಾಜಿಗೆ ಅಂಟಿಕೊಂಡಿದ್ದವು. ಮೂರು ದಿನಕ್ಕೆ ಸತ್ತವು. ತಪ್ಪೆಲ್ಲಿ ಆಯಿತು? ಯಾವ ಹುಳು, ಎಷ್ಟು ತರಿಸಬೇಕು? ಮಕ್ಕಳಿಗೆ ಕಚ್ಚುತ್ತವೆಯೇ?

ಉತ್ತರ: ನಿಮ್ಮ ಪತ್ರ ಓದಿ ಮೊದಲು ಆ ಅರವತ್ತು ಹುಳುಗಳ ಮೇಲೆ ಮರುಕವಾಯಿತು. ಚರಗ ಚೆಲ್ಲಲು ಹೋದ ಹೊಲದಲ್ಲಿ, ಸಜ್ಜೆ ರೊಟ್ಟಿ ಮತ್ತು ಬುತ್ತಿಯ ನಡುವೆ ಜೋಳದ ಸುಳಿ ಬಿಡಿಸಿ ಹುಳು ಹಿಡಿಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಆದರೆ ಅವುಗಳನ್ನು ನೀವು ಕರೆತಂದದ್ದು, ಹೋಳಿಗೆ ಊಟವೆಂದು ಬೀಗರನ್ನು ಕರೆದು ಎಲೆಯ ಮೇಲೆ ಉಪ್ಪು ಮಾತ್ರ ಬಡಿಸಿದ ಮನೆಗೆ.

ಜೋಳದ ಸುಳಿಯಲ್ಲಿ ಗುಲಗಂಜಿ ಹುಳು ಕೂತಿರುವುದು ಅಲ್ಲಿನ ಹೇನಿಗಾಗಿ. ಅದರ ಮುಖ್ಯ ಆಹಾರವೇ ಸಸ್ಯಹೇನು. ನೀವು ಬರೆದ ಮೂರು ಲಕ್ಷಣಗಳಲ್ಲಿ ಹೇನಿನದು ಒಂದೂ ಇಲ್ಲ. ದಾಸವಾಳದ ಮೇಲಿರುವುದು ಹಿಟ್ಟು ತಿಗಣೆ, ಗುಲಾಬಿಯ ಮೇಲಿರುವುದು ಜೇಡ ನುಸಿ, ಮೆಣಸಿನದು ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ ಇರಬಹುದು, ಬೇರೆ ನುಸಿಯೂ ಇರಬಹುದು. ಹೊಟ್ಟೆಗೆ ಸಿಗದಿದ್ದರೆ ರೆಕ್ಕೆ ಇರುವ ಯಾವ ಜೀವಿಯೂ ಕೂತು ಕಾಯುವುದಿಲ್ಲ. ಹಾರಿದ ಗುಲಗಂಜಿ ಹುಳು ಬೆಳಕಿನತ್ತ ಹೋಗುತ್ತದೆ. ನಿಮ್ಮ ಮನೆಯಲ್ಲಿ ಬೆಳಕಿನ ದಿಕ್ಕಿಗೆ ಗಾಜಿತ್ತು. ಮೇಲೆ ಎಂಟು ಸಲದ ಬೇವಿನ ಎಣ್ಣೆಯ ಪದರ ಎಲೆಗಳ ಮೇಲೆ. ಇನ್ನೇನು ಉಳಿಯಿತು?

ಈ ತಪ್ಪನ್ನು ನೀವೊಬ್ಬರೇ ಮಾಡಿದ್ದಲ್ಲ. ಮಿತ್ರಕೀಟ, ಎಂದರೆ ಗಿಡ ಕೆಡಿಸುವ ಕೀಟವನ್ನು ತಿನ್ನುವ ಕೀಟ, ಎಂದ ಕೂಡಲೇ ನಮ್ಮ ಜನ ಅದನ್ನು ಒಂದು ಜಾತಿಯ ಔಷಧ ಎಂದುಕೊಳ್ಳುತ್ತಾರೆ. ಬಾಟಲಿಯ ಬದಲು ಡಬ್ಬಿ, ಸಿಂಪಡಿಸುವ ಬದಲು ಬಿಡುವುದು, ಅಷ್ಟೇ ವ್ಯತ್ಯಾಸ ಎಂಬ ಎಣಿಕೆ. ಹಾಗಲ್ಲ. ನೀವು ಮಾಡಹೊರಟಿರುವುದು ಸಾಕಣೆ. ಎಮ್ಮೆ ತರುವ ಮೊದಲು ಮೇವು ಎಲ್ಲಿಂದ, ನೀರು ಎಷ್ಟು, ಗೋದಲಿ ಎಲ್ಲಿ ಎಂದು ನೋಡುವುದಿಲ್ಲವೇ? ಹುಳುವಿಗೂ ಅಷ್ಟೇ ವಿಚಾರ ಬೇಕು. ಒಂದು ವಿಚಿತ್ರವೆಂದರೆ, ಇಲ್ಲಿ ಮೇವು ಎಂದರೆ ನೀವು ತೊಲಗಿಸಬೇಕೆಂದಿರುವ ಕೀಟವೇ. ಆದ್ದರಿಂದ ಕೀಟ ಪೂರ್ತಿ ಇಲ್ಲವಾಗಬೇಕು ಎನ್ನುವವರು ಈ ದಾರಿಗೆ ಬರಬಾರದು. ಗಿಡಕ್ಕೆ ನೋವಾಗದಷ್ಟು ಕೀಟ ಉಳಿದಿರಲಿ ಎನ್ನುವವರಿಗೆ ಮಾತ್ರ ಇದು ಒಗ್ಗುತ್ತದೆ.

ನಮ್ಮ ಭಾಗದವರು ಇದನ್ನು ಕಣ್ಣಾರೆ ಕಂಡವರು. 2002ರಲ್ಲಿ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಂದದ್ದು ನಿಮ್ಮ ತವರಿನ ಹಿರಿಯರಿಗೆ ನೆನಪಿರಬಹುದು. ಮೊದಲು ಸಾಂಗಲಿ ಕಡೆ ಕಾಣಿಸಿಕೊಂಡು, ಅದೇ ವರ್ಷ ಗಡಿ ದಾಟಿ ನಮ್ಮ ಕಬ್ಬಿಗೂ ಬಂತು. ಎಲೆಯ ಕೆಳಗೆಲ್ಲ ಅರಳೆ ಹರಡಿದಂತೆ ಬೆಳ್ಳಗೆ, ಮೇಲೆಲ್ಲ ಅಂಟು, ಅಂಟಿನ ಮೇಲೆ ಕಪ್ಪು ಬೂಷ್ಟು. ಹೊಲದೊಳಗೆ ಹೋಗಿ ಬಂದವರ ಅಂಗಿ ಅಂಟಂಟಾಗುತ್ತಿತ್ತು. ಆಳೆತ್ತರ ಮೀರಿದ ಕಬ್ಬಿನೊಳಗೆ ಔಷಧ ಹೊಡೆಯುವುದೂ ಆಗದ ಮಾತು. ಕೊನೆಗೆ ಅದನ್ನು ಹಿಡಿತಕ್ಕೆ ತಂದವರಲ್ಲಿ ಎರಡು ಹುಳುಗಳು ಮುಖ್ಯ: ಡೈಫಾ ಎಂಬ ಪತಂಗದ ಮರಿಹುಳು ಮತ್ತು ಮೈಕ್ರೋಮಸ್ ಎಂಬ ಕಂದು ಬಣ್ಣದ ಜಾಲರೆಕ್ಕೆಯ ಕೀಟ. ಡೈಫಾ ಹೆಚ್ಚಿರುವ ಹೊಲದ ಎಲೆಗಳನ್ನು ಕತ್ತರಿಸಿ, ಇಲ್ಲದ ಹೊಲದ ಕಬ್ಬಿಗೆ ಸಿಕ್ಕಿಸಿ ಬರುವುದೇ ಆಗಿನ ಉಪಚಾರವಾಗಿತ್ತು. ನಾನೂ ಸೈಕಲ್ ಕ್ಯಾರಿಯರ್‌ಗೆ ಎಲೆಯ ಹೊರೆ ಕಟ್ಟಿಕೊಂಡು ತಿರುಗಿದ್ದೇನೆ. ಒಂದು ವಾರ ಏನೂ ಆಗಲಿಲ್ಲವೆಂದು ರೈತರು ಬಯ್ದರು, ಮೂರನೆಯ ವಾರದಲ್ಲಿ ಚಹಾ ಕೊಟ್ಟರು. ಆ ಎರಡು ವಾರಗಳ ಅಂತರವನ್ನು ನೀವು ನೆನಪಿಟ್ಟುಕೊಳ್ಳಬೇಕು.

ಈಗ ನಿಮ್ಮ ಗ್ಯಾಲರಿಗೆ ಬರೋಣ. ಮೊದಲು ಒಂದು ಭೂತಗನ್ನಡಿ ಕೊಳ್ಳಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವುದಾದರೆ ಸಾಕು. ಹುಳು ತರಿಸುವ ಖರ್ಚಿಗಿಂತ ಮೊದಲು ಇದರ ಖರ್ಚಾಗಬೇಕು.

ದಾಸವಾಳದಿಂದ ಆರಂಭಿಸುತ್ತೇನೆ, ಏಕೆಂದರೆ ನಿಮಗೆ ಬೇಗ ಗೆಲುವು ಸಿಗುವುದು ಅಲ್ಲಿಯೇ. ಚಿಗುರು ಗಂಟು ಕಟ್ಟಿದಂತೆ ಮುದುಡಿದ್ದರೆ, ಒಂದು ಹಿಟ್ಟು ತಿಗಣೆಯನ್ನು ಬಿಳಿ ಕಾಗದದ ಮೇಲಿಟ್ಟು ಬೆಂಕಿಕಡ್ಡಿಯಿಂದ ಒತ್ತಿ ನೋಡಿ. ಕೆಂಪು ಛಾಯೆಯ ರಸ ಬಂದರೆ ಅದು ಗುಲಾಬಿ ಬಣ್ಣದ ಹಿಟ್ಟು ತಿಗಣೆ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ನಿದ್ದೆ ಕೆಡಿಸುವುದೂ ಇದೇ. ಹೀಗಾಗಿ ಅವರ ಉಪಾಯವೇ ನಿಮಗೂ ಆಗಿಬರುತ್ತದೆ. ಆ ಉಪಾಯದ ಹೆಸರು ಕ್ರಿಪ್ಟೋಲೇಮಸ್. ಅದೂ ಗುಲಗಂಜಿ ಹುಳುವಿನ ಬಳಗದ್ದೇ, ಆದರೆ ಮೈಮೇಲೆ ಚುಕ್ಕೆಯಿಲ್ಲ, ಬಣ್ಣದ ಸಿಂಗಾರವಿಲ್ಲ. ನಾಲ್ಕು ಮಿಲಿಮೀಟರ್ ಉದ್ದದ ಕಪ್ಪು ದೇಹ, ತಲೆ ಮತ್ತು ಬಾಲದ ತುದಿ ಇಟ್ಟಿಗೆಯ ಬಣ್ಣ. ಇದರ ಮೂಲ ಆಸ್ಟ್ರೇಲಿಯಾ. 1898ರಲ್ಲಿ ಕಾಫಿ ಗಿಡದ ರಸ ಹೀರುವ ಹಸಿರು ಶಲ್ಕ ಕೀಟದ ಮೇಲೆ ಬಿಡಲೆಂದು ಭಾರತಕ್ಕೆ ತಂದರು. ಆ ಕೆಲಸ ಅದು ಸರಿಯಾಗಿ ಮಾಡಲಿಲ್ಲ. ಆದರೆ ಇಲ್ಲಿಯೇ ನೆಲೆಸಿ ಹಿಟ್ಟು ತಿಗಣೆ ತಿನ್ನತೊಡಗಿತು. ಕರೆಸಿದ ಕೆಲಸ ಬಿಟ್ಟು ಬೇರೆ ಕೆಲಸದಲ್ಲಿ ಹೆಸರು ಮಾಡುವುದು ಮನುಷ್ಯರಲ್ಲೂ ಉಂಟು.

ಇದನ್ನು ಸಾಕುವ ಕೋಣೆಗೆ ಒಮ್ಮೆ ಹೋಗಿ ನೋಡಿದವರು ಮರೆಯುವುದಿಲ್ಲ. ಸಾಲು ಸಾಲು ಮರದ ಪೆಟ್ಟಿಗೆ, ಪ್ರತಿಯೊಂದರಲ್ಲೂ ಒಂದೊಂದು ಸಿಹಿಗುಂಬಳಕಾಯಿ. ಆ ಕಾಯಿಗಳ ಮೇಲೆ ಬೇಕೆಂದೇ ಹಿಟ್ಟು ತಿಗಣೆ ಬೆಳೆಸಿರುತ್ತಾರೆ. ದೀಪಾವಳಿಯ ಪೂಜೆಗೆ ಹಿಟ್ಟು ಬಳಿದಿಟ್ಟಂತೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಆ ಹಿಟ್ಟು ಹರಿದಾಡುತ್ತಿರುತ್ತದೆ. ಒಂದು ಕಾಯಿಯಿಂದ ನೂರಕ್ಕೂ ಹೆಚ್ಚು ಕ್ರಿಪ್ಟೋಲೇಮಸ್ ದುಂಬಿ ಸಿಗುತ್ತವೆ. ಕಾಯಿಗೆ ಗಾಯವಿದ್ದರೆ ಮೇಣ ಹಚ್ಚಿ ಮುಚ್ಚುತ್ತಾರೆ, ಇಲ್ಲದಿದ್ದರೆ ಹುಳು ಬೆಳೆಯುವ ಮೊದಲೇ ಕಾಯಿ ಕೊಳೆಯುತ್ತದೆ.

ದ್ರಾಕ್ಷಿಯಲ್ಲಿ ಬಳ್ಳಿಗೆ ಹತ್ತು ದುಂಬಿಯ ಲೆಕ್ಕ. ನಿಮ್ಮ ಕುಂಡದ ದಾಸವಾಳಕ್ಕೆ ಐದೈದು ಸಾಕು, ಒಟ್ಟು ಮೂವತ್ತು. ಆದರೆ ಗ್ಯಾಲರಿಯಲ್ಲಿ ಬಿಡಬೇಡಿ. ಮಾರ್ಚ್ ತಿಂಗಳಲ್ಲಿ ಪಶ್ಚಿಮದ ಗಾಜಿನ ಹಿಂದೆ ಮಧ್ಯಾಹ್ನ ಮೂರು ಗಂಟೆಗೆ ಎಷ್ಟು ಬಿಸಿ ಇರುತ್ತದೆ ಎಂದು ಒಂದು ಉಷ್ಣಮಾಪಕ ನೇತುಹಾಕಿ ನೋಡಿ. ಇಪ್ಪತ್ತೆರಡರಿಂದ ಇಪ್ಪತ್ತೆಂಟು ಡಿಗ್ರಿ ಈ ದುಂಬಿಗೆ ಹಿತ. ಮೂವತ್ತೈದಕ್ಕೆ ಹೋಯಿತೆಂದರೆ ಅದು ತಿನ್ನುವುದನ್ನು ಬಿಟ್ಟು ನೆರಳು ಹುಡುಕುತ್ತದೆ. ಆರೂ ಕುಂಡಗಳನ್ನು ಎತ್ತಿ ಪಡಸಾಲೆಗೆ ತನ್ನಿ, ಗಾಜಿಗೆ ಹಸಿರು ನೆರಳು ಬಲೆ ಕಟ್ಟಿಸಿ.

ಚಿಗುರಿನ ಗಂಟುಗಳಲ್ಲಿ ತೀರ ಕೆಟ್ಟವನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ, ಆದರೆ ಎಲ್ಲವನ್ನೂ ಅಲ್ಲ. ಹತ್ತಿಯಂಥ ಉಂಡೆ ಕಾಣುವುದು ಹಿಟ್ಟು ತಿಗಣೆಯ ತತ್ತಿಚೀಲ. ಹೆಣ್ಣು ದುಂಬಿ ತನ್ನ ತತ್ತಿ ಇಡುವುದು ಆ ಚೀಲದೊಳಗೇ. ಅದಿಲ್ಲದಿದ್ದರೆ ಮುಂದಿನ ಪೀಳಿಗೆಯೇ ಇಲ್ಲ. ಪ್ರತಿ ಗಿಡದಲ್ಲಿ ನಾಲ್ಕೈದು ಉಂಡೆ ಬಿಡಿ. ಸಂಜೆ ದೀಪ ಆರಿಸಿದ ಮೇಲೆ ದುಂಬಿಗಳನ್ನು ಅವುಗಳ ಪಕ್ಕದಲ್ಲೇ ಇಳಿಸಿ, ಇಡೀ ಗಿಡಕ್ಕೆ ತೆಳ್ಳನೆಯ ಹಳೆಯ ಬಟ್ಟೆಯ ಮುಸುಕು ಹಾಕಿ, ಕುಂಡದ ಕಂಠಕ್ಕೆ ದಾರದಿಂದ ಬಿಗಿಯಿರಿ. ಸೊಳ್ಳೆ ಪರದೆಯ ತುಂಡು ಆಗಬಹುದು, ಸವೆದ ನೈಲಾನ್ ಸೀರೆಯೂ ಆಗಬಹುದು. ಇಳಕಲ್ಲ ಸೀರೆಗೆ ಮಾತ್ರ ಕೈ ಹಾಕಬೇಡಿ. ಹತ್ತು ಹದಿನೈದು ದಿನ ಈ ಮುಸುಕು ಇದ್ದರೆ ಗಾಜಿನತ್ತ ಹಾರುವ ಮಾತಿಲ್ಲ. ಅಷ್ಟರಲ್ಲಿ ತತ್ತಿ ಇಟ್ಟಾಗಿರುತ್ತದೆ, ಮರಿಹುಳುವಿಗೆ ಹಾರಲು ರೆಕ್ಕೆಯಿಲ್ಲ. ನಿಜವಾದ ಕೆಲಸ ಮಾಡುವುದೂ ಆ ಮರಿಹುಳುವೇ.

ಇನ್ನು ಮುಂದಿನದನ್ನು ಮನೆಯವರೆಲ್ಲರಿಗೂ ಓದಿ ಹೇಳಿ. ಕ್ರಿಪ್ಟೋಲೇಮಸ್‌ನ ಮರಿಹುಳು ನೋಡಲು ಥೇಟ್ ಹಿಟ್ಟು ತಿಗಣೆಯಂತೆಯೇ ಇರುತ್ತದೆ! ಮೈತುಂಬ ಬಿಳಿ ಮೇಣದ ಎಳೆಗಳು. ‘ಔಷಧ ಬಿಟ್ಟ ಮೇಲೆ ಹುಳು ದೊಡ್ಡದಾಗಿ ಬೆಳೆದಿದೆ’ ಎಂದು ಗಾಬರಿಯಿಂದ ಹೊಸಕಿ ಹಾಕಿದವರನ್ನು ನಾನು ಎಷ್ಟೋ ಕಂಡಿದ್ದೇನೆ. ಗುರುತು ಹೀಗೆ: ಹಿಟ್ಟು ತಿಗಣೆ ಮೂರು ಮಿಲಿಮೀಟರ್ ಮೀರುವುದು ಅಪರೂಪ, ಮುಟ್ಟಿದರೂ ಮಿಸುಕುವುದಿಲ್ಲ. ಮರಿಹುಳು ಬೆಳೆದಾಗ ಒಂದು ಸೆಂಟಿಮೀಟರ್ ದಾಟುತ್ತದೆ, ಎಳೆಗಳು ಉದ್ದವಾಗಿ ಕೆದರಿರುತ್ತವೆ, ಕಡ್ಡಿ ತಾಗಿಸಿದರೆ ಸರಸರನೆ ನಡೆದುಬಿಡುತ್ತದೆ. ನಡೆಯುವುದನ್ನು ಬಿಡಿ, ಕೂತದ್ದನ್ನು ಬೇಕಾದರೆ ಹೊಸಕಿ. ತತ್ತಿಯಿಂದ ದುಂಬಿಯಾಗಲು ಸುಮಾರು ಒಂದು ತಿಂಗಳು ಬೇಕು, ಅದಕ್ಕೆ ಮೊದಲು ಫಲಿತಾಂಶ ಕೇಳಬೇಡಿ.

ಕಡ್ಡಿಯಿಂದ ಒತ್ತಿದಾಗ ಹಳದಿ ರಸ ಬಂದರೆ ಅದು ಪಪ್ಪಾಯಿ ಹಿಟ್ಟು ತಿಗಣೆ ಇದ್ದೀತು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ದಕ್ಷಿಣ ಭಾರತವನ್ನೆಲ್ಲ ಕಾಡಿತ್ತು. 2010ರಲ್ಲಿ ಪೋರ್ಟೊ ರಿಕೊದಿಂದ ಅಸಿರೋಫೇಗಸ್ ಪಪಾಯೆ ಎಂಬ ಸೂಜಿಮೊನೆಯಷ್ಟು ಕಣಜವನ್ನು ತರಿಸಿ ಬಿಟ್ಟರು, ಹಾವಳಿ ತಗ್ಗಿತು. ಆ ಕಣಜ ಈಗ ಹೊರಗೆ ತಾನಾಗಿಯೇ ಇದೆ. ಅಂಥ ಗಿಡವನ್ನು ಕೆಲವು ವಾರ ತಾರಸಿಯ ನೆರಳಿನಲ್ಲಿ ಇಟ್ಟುಬಿಡುವುದೇ ಸುಲಭ, ಕಣಜ ತಾನೇ ಹುಡುಕಿಕೊಂಡು ಬರುವ ಸಾಧ್ಯತೆ ಇದೆ.

ಇರುವೆಯ ವಿಷಯ ನೀವು ಬರೆದಿಲ್ಲ, ಆದರೆ ಇದ್ದೇ ಇರುತ್ತದೆ. ಹಿಟ್ಟು ತಿಗಣೆ ಮತ್ತು ಹೇನು ವಿಸರ್ಜಿಸುವ ಸಿಹಿ ಅಂಟಿಗಾಗಿ ಇರುವೆಗಳು ಅವುಗಳನ್ನು ದನ ಕಾಯುವಂತೆ ಕಾಯುತ್ತವೆ, ಬೇಟೆಗೆ ಬಂದವರನ್ನು ಕಚ್ಚಿ ಓಡಿಸುತ್ತವೆ. ಇರುವೆ ಇರುವ ಗಿಡದ ಮೇಲೆ ದುಂಬಿ ಬಿಡುವುದು ಹಣ ಚೆಲ್ಲಿದಂತೆ. ಪರಿಹಾರ ನಿಮ್ಮ ಅಡುಗೆಮನೆಯಲ್ಲೇ ಇದೆ. ಬೆಳಗಾವಿಯಿಂದ ತಂದ ಕುಂದಾದ ಡಬ್ಬಿಯನ್ನು ನೀರಿನ ತಾಟಿನ ನಡುವೆ ಇಡುತ್ತೀರಲ್ಲ, ಹಾಗೆಯೇ ಕುಂಡವನ್ನೂ ಒಂದು ಅಗಲ ತಟ್ಟೆಯಲ್ಲಿ ಇಟ್ಟಿಗೆಯ ಮೇಲೆ ನಿಲ್ಲಿಸಿ, ಸುತ್ತ ನೀರು ತುಂಬಿ. ಎಲೆ ಗೋಡೆಗೆ ತಾಗಿದ್ದರೆ ಅದೇ ಸೇತುವೆಯಾಗುತ್ತದೆ, ಅದನ್ನೂ ನೋಡಿ. ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ಇರುವೆಯ ಜಾಗದಲ್ಲಿ ಸೊಳ್ಳೆ ಸಾಕಿದಂತಾಗುತ್ತದೆ.

ಇದನ್ನು ನಾನು ಕಲಿತದ್ದು ಸ್ವಂತ ಖರ್ಚಿನಲ್ಲಿ. ಬಾಗಲಕೋಟೆಯ ನನ್ನ ಮನೆಯಲ್ಲಿ ಬದನೆಯ ಕುಂಡಗಳಿಗೆ ಹೇನು ಬಂದಾಗ ಕ್ರೈಸೋಪರ್ಲಾ ತತ್ತಿಗಳ ಕಾರ್ಡು ತರಿಸಿದೆ. ಹಸಿರು ಮೈ, ಗಾಜಿನಂಥ ಜಾಲರೆಕ್ಕೆ, ಬಂಗಾರದ ಕಣ್ಣಿನ ಕೀಟ ಅದು. ಅದರ ಮರಿ ಮಾತ್ರ ಸಣ್ಣ ಮೊಸಳೆ. ಇಕ್ಕಳದಂಥ ದವಡೆಯಿಂದ ಹೇನನ್ನು ಹಿಡಿದೆತ್ತಿ ರಸ ಹೀರಿ ತೊಗಲು ಬಿಸಾಡುತ್ತದೆ. ‘ನಾಳೆ ಕಟ್ಟಿದರಾಯಿತು’ ಎಂದು ಕಾರ್ಡನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮಲಗಿದೆ. ಬೆಳಿಗ್ಗೆ ಕಾರ್ಡು ಸ್ವಚ್ಛವಾಗಿತ್ತು. ಕೆಂಪಿರುವೆಗಳ ಸಾಲು ಇನ್ನೂ ಗೋಡೆ ಇಳಿಯುತ್ತಿತ್ತು. ಮೂವತ್ತು ವರ್ಷ ಕೀಟಶಾಸ್ತ್ರ ಹೇಳಿದವನ ಮನೆಯ ಕಥೆ ಇದು. ಎರಡನೆಯ ಸಲ ತರಿಸಿದ್ದನ್ನು ಡಬ್ಬಿಯಲ್ಲೇ ಎರಡು ದಿನ ಹೆಚ್ಚಿಗೆ ಇಟ್ಟೆ. ಮೊದಲು ಒಡೆದ ಮರಿಗಳು ಉಳಿದ ತತ್ತಿಗಳನ್ನು ತಿಂದು, ಆಮೇಲೆ ಒಂದನ್ನೊಂದು ತಿಂದವು. ಈ ಜಾತಿಯ ಮರಿಗಳಿಗೆ ಅಣ್ಣ ತಮ್ಮ ಎಂಬುದಿಲ್ಲ. ಸಾಕುವವರೂ ಅದಕ್ಕಾಗಿಯೇ ಒಂದೊಂದನ್ನು ಬೇರೆ ಬೇರೆ ಗೂಡಿನಲ್ಲಿ ಇಡುತ್ತಾರೆ. ಬಂದ ದಿನವೇ ಗಿಡದಿಂದ ಗಿಡಕ್ಕೆ ಹಂಚಿಬಿಡಬೇಕು, ಎಲೆಗೊಂದು ಎನ್ನುವಷ್ಟು ದೂರ ದೂರ.

ಗುಲಾಬಿ ಕಷ್ಟದ ಗಿರಾಕಿ. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಬಿದ್ದ ಧೂಳಿನ ಕಣಗಳು ನಡೆಯತೊಡಗಿದರೆ ಅದು ಜೇಡ ನುಸಿ, ಅರ್ಧ ಮಿಲಿಮೀಟರ್ ಗಾತ್ರದ್ದು. ವಿಜಯಪುರದ ಬೇಸಿಗೆ ಇದಕ್ಕೆ ತವರುಮನೆ. ಮೂವತ್ತು ಡಿಗ್ರಿಯ ಒಣ ಸೆಕೆಯಲ್ಲಿ ತತ್ತಿಯಿಂದ ತಾಯಿಯಾಗಲು ಎಂಟು ಹತ್ತು ದಿನ ಸಾಕು, ಒಂದೊಂದು ಹೆಣ್ಣು ನೂರರ ಆಸುಪಾಸು ತತ್ತಿ ಇಡುತ್ತದೆ. ನೀವು ಬೇವಿನ ಎಣ್ಣೆಯಲ್ಲೇ ನಿಂತದ್ದು ಒಳ್ಳೆಯದಾಯಿತು. ಪೈರೆಥ್ರಾಯ್ಡ್ ಜಾತಿಯ ರಾಸಾಯನಿಕ ಕೀಟನಾಶಕ ಹೊಡೆದಿದ್ದರೆ ನುಸಿಯ ಶತ್ರುಗಳು ಸತ್ತು, ನುಸಿ ಮೊದಲಿಗಿಂತ ಹೆಚ್ಚಾಗುತ್ತಿತ್ತು.

ಇದಕ್ಕೆ ಜಗತ್ತಿನಲ್ಲೆಲ್ಲ ಹೆಸರಾದ ಬೇಟೆಗಾರ ಫೈಟೋಸಿಯುಲಸ್ ಪರ್ಸಿಮಿಲಿಸ್ ಎಂಬ ಕೆಂಪು ನುಸಿ. ಚಿಲಿಯಿಂದ ಜರ್ಮನಿಗೆ ಹೋದ ಆರ್ಕಿಡ್ ಗಿಡಗಳ ಮೇಲೆ 1958ರಲ್ಲಿ ಅಕಸ್ಮಾತ್ತಾಗಿ ಸಿಕ್ಕಿತು, ಆಮೇಲೆ ಯುರೋಪಿನ ಗಾಜಿನ ಮನೆಗಳಲ್ಲಿ ಮನೆಮಾತಾಯಿತು. ವಿದೇಶಿ ವಿಡಿಯೊಗಳಲ್ಲಿ ನೀವು ನೋಡಿದ್ದು ಬಹುಶಃ ಇದನ್ನೇ. ಹೊರದೇಶದಿಂದ ಅಂಚೆಯಲ್ಲಿ ತರಿಸುವ ಯೋಚನೆ ಮಾತ್ರ ಬೇಡ. ಪರವಾನಗಿ ಇಲ್ಲದೆ ಜೀವಂತ ಕೀಟ ತರಿಸುವುದು 2003ರ ಸಸ್ಯ ಸಂಗರೋಧ (ಪ್ಲಾಂಟ್ ಕ್ವಾರಂಟೈನ್) ಆದೇಶಕ್ಕೆ ವಿರುದ್ಧ, ಅದು ಇರಬೇಕಾದ ನಿಯಮವೇ. ನಮ್ಮಲ್ಲೇ ನಿಯೋಸಿಯುಲಸ್ ಲಾಂಜಿಸ್ಪೈನೋಸಸ್ ಎಂಬ ದೇಶಿ ಪರಭಕ್ಷಕ ನುಸಿ, ಎಂದರೆ ಬೇರೆ ನುಸಿಯನ್ನು ತಿನ್ನುವ ನುಸಿ, ಇದೆ. ಬ್ಲಾಪ್ಟೊಸ್ಟೆಥಸ್ ಎಂಬ ಪುಟ್ಟ ತಿಗಣೆಯೂ ಇದೆ. ಇದನ್ನು ಪಾಲಿಹೌಸ್ ಬೆಳೆಯ ನುಸಿಗೆಂದು ಬೆಂಗಳೂರು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಸಾಕಿ ಬೆಳೆಸಿದ್ದಾರೆ.

ಆದರೆ ಪರಭಕ್ಷಕ ನುಸಿಯ ತತ್ತಿ ಒಣ ಹವೆಯಲ್ಲಿ ಸುಕ್ಕುಗಟ್ಟಿ ಸಾಯುತ್ತದೆ. ಹವೆಯ ತೇವಾಂಶ ಅರವತ್ತು ಪ್ರತಿಶತಕ್ಕಿಂತ ಕೆಳಗಿಳಿಯಬಾರದು. ಏಪ್ರಿಲ್ ಮಧ್ಯಾಹ್ನದ ವಿಜಯಪುರದಲ್ಲಿ ಅದರ ಅರ್ಧವೂ ಇರುವುದು ಕಷ್ಟ. ಇಲ್ಲಿ ನಮ್ಮ ಊರಿನ ಒಂದು ಅನುಕೂಲ ಹೇಳುತ್ತೇನೆ. ಎ.ಸಿ. ಹವೆಯನ್ನು ಒಣಗಿಸುತ್ತದೆ, ನೀರಿನ ಕೂಲರ್ ತೇವ ಮಾಡುತ್ತದೆ. ನಿಮ್ಮ ಪಡಸಾಲೆಯಲ್ಲಿ ಕೂಲರ್ ಇದ್ದರೆ ಗುಲಾಬಿಗಳನ್ನು ಅದರ ಗಾಳಿ ನೇರವಾಗಿ ಬಡಿಯದ, ಆದರೆ ತಂಪು ಮುಟ್ಟುವ ಮೂಲೆಯಲ್ಲಿಡಿ. ಕುಂಡಗಳ ಕೆಳಗೆ ಮರಳಿನ ತಟ್ಟೆಯಿಟ್ಟು ನೀರು ಹಾಕಿ, ಪಕ್ಕದಲ್ಲಿ ಒದ್ದೆ ಗೋಣಿಚೀಲ ನೇತುಹಾಕಿ.

ಇಷ್ಟಾದರೂ ಈ ಬೇಸಿಗೆಯಲ್ಲಿ ಗುಲಾಬಿಗೆ ಬೇಟೆಗಾರರನ್ನು ತರಿಸಿ ಎಂದು ನಾನು ಹೇಳಲಾರೆ. ಎಂಟೇ ಗಿಡ. ಬಲೆ ಕಟ್ಟಿದ ಎಲೆಗಳನ್ನೆಲ್ಲ ಕಿತ್ತು ಹಾಕಿ, ಉಳಿದ ಎಲೆಗಳ ಕೆಳಭಾಗವನ್ನು ಬಚ್ಚಲಿನ ಕೈ ನಲ್ಲಿಯಿಂದ ಜೋರಾಗಿ ತೊಳೆಯಿರಿ. ಕುಂಡದ ಮಣ್ಣಿಗೆ ಪ್ಲಾಸ್ಟಿಕ್ ಕಟ್ಟಿದರೆ ಮಣ್ಣು ಕೊಚ್ಚಿ ಹೋಗುವುದಿಲ್ಲ. ನಾಲ್ಕು ದಿನಕ್ಕೊಮ್ಮೆ, ನಾಲ್ಕು ಸಲ. ತತ್ತಿ ಒಡೆದು ಹೊಸ ಮರಿ ತಾಯಿಯಾಗುವ ಮೊದಲು ಮತ್ತೆ ನೀರು ಬೀಳಬೇಕು, ಆ ಅಂತರದ ಗುಟ್ಟು ಅಷ್ಟೇ. ಮೃಗಶಿರ ಮಳೆ ಬಿದ್ದು ಹವೆ ತಂಪಾದ ಮೇಲೂ ನುಸಿ ಉಳಿದಿದ್ದರೆ ಆಗ ಹತ್ತು ನುಸಿಗೆ ಒಂದು ಬೇಟೆಗಾರನ ಲೆಕ್ಕದಲ್ಲಿ ಬಿಡುವ ಮಾತಾಡೋಣ. ಬೆಳಗಾವಿಯ ಓದುಗರು ಇದೇ ಪ್ರಶ್ನೆ ಕೇಳಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಅಲ್ಲಿನ ಹವೆ ತಂಪು. ಮಳೆಗಾಲದಲ್ಲಂತೂ ಅಲ್ಲಿನವರ ದೂರು ಜೇಡ ನುಸಿಯದ್ದಲ್ಲ, ಒದ್ದೆ ಮಣ್ಣಿನಿಂದೇಳುವ ಸಣ್ಣ ಕಪ್ಪು ನೊಣದ್ದು. ಅದಕ್ಕೆ ಮೇಲಿನ ಒಂದು ಇಂಚು ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು.

ಮೆಣಸಿನ ಎಲೆ ಯಾವ ಕಡೆಗೆ ಮುಟುರಿದೆ ಎಂದು ನೀವು ಬರೆಯಲಿಲ್ಲ. ಅಂಚುಗಳು ಮೇಲೆದ್ದು ದೋಣಿಯಂತಾಗಿದ್ದರೆ ಥ್ರಿಪ್ಸ್. ಕೆಳಕ್ಕೆ ಮಡಚಿ, ತೊಟ್ಟು ಉದ್ದವಾಗಿದ್ದರೆ ಹಳದಿ ನುಸಿ. ಎಲೆ ಸಣ್ಣದಾಗಿ, ದಪ್ಪಗಾಗಿ, ಗಿಡವೇ ಕುಳ್ಳಗೆ ಗೊಂಚಲಾಗಿದ್ದರೆ ಬಿಳಿ ನೊಣ ತಂದ ನಂಜು ರೋಗ. ಮೂರನೆಯದಕ್ಕೆ ಯಾವ ಹುಳುವೂ ಔಷಧವಲ್ಲ, ಕಿತ್ತೆಸೆಯಿರಿ. ಮೊದಲನೆಯದಕ್ಕೆ ಕ್ರೈಸೋಪರ್ಲಾ ಮರಿಗಳು ಸ್ವಲ್ಪ ನೆರವಾಗುತ್ತವೆ, ನೀಲಿ ಅಂಟುಹಾಳೆ ಜೊತೆಗಿರಲಿ. ಆದರೆ ಅಂಟುಹಾಳೆಗೆ ಮಿತ್ರ ಶತ್ರು ಭೇದ ಗೊತ್ತಿಲ್ಲ, ದುಂಬಿ ಬಿಟ್ಟ ಕೋಣೆಯಲ್ಲಿ ಅದನ್ನು ನೇತುಹಾಕಬೇಡಿ. ನನ್ನನ್ನು ಕೇಳಿದರೆ, ಹತ್ತು ಮೆಣಸಿನ ಗಿಡಗಳಿಗಾಗಿ ಇಷ್ಟು ಪಾಡು ಬೇಡ. ಕಿತ್ತು ಹಾಕಿ, ಮಳೆಗಾಲಕ್ಕೆ ಹೊಸ ಸಸಿ ಹಚ್ಚಿ.

ಖಾಲಿಯಾದ ಆ ಕುಂಡಗಳಲ್ಲಿ ಎರಡಕ್ಕೆ ಬಿಳಿಜೋಳ ಬಿತ್ತಿರಿ. ನಗಬೇಡಿ. ಜೋಳದ ಹೇನು ಹುಲ್ಲಿನ ಜಾತಿಯ ಗಿಡಕ್ಕೆ ಬೀಳುವಂಥದ್ದು, ನಿಮ್ಮ ಗುಲಾಬಿ ದಾಸವಾಳಗಳ ತಂಟೆಗೆ ಬರುವುದಿಲ್ಲ. ಜೋಳದಲ್ಲಿ ಹೇನು ನಿಂತರೆ ಅದು ನಿಮ್ಮ ಬೇಟೆಗಾರರ ಹಗೇವು. ಬೇರೆ ಗಿಡದಲ್ಲಿ ಮೇವು ಕಡಿಮೆಯಾದಾಗ ಅವು ಅಲ್ಲಿ ಉಳಿದುಕೊಳ್ಳುತ್ತವೆ. ಯುರೋಪಿನ ಗಾಜಿನ ಮನೆಗಳಲ್ಲಿ ಬಾರ್ಲಿಯನ್ನು ಇದಕ್ಕೇ ಬೆಳೆಸುತ್ತಾರೆ, ಜೋಳದ ನಾಡಿನವರು ನಾವೇಕೆ ಬಾರ್ಲಿ ಹುಡುಕಬೇಕು? ಪಕ್ಕದಲ್ಲಿ ಒಂದು ಕುಂಡ ಕೊತ್ತಂಬರಿಯೋ ಸಬ್ಬಸಿಗೆಯೋ ಹೂ ಬಿಡಲಿ. ಬೆಳೆದ ಕ್ರೈಸೋಪರ್ಲಾ ಬೇಟೆಯಾಡುವುದಿಲ್ಲ, ಹೂವಿನ ಪರಾಗ ಮತ್ತು ಮಕರಂದದಿಂದಲೇ ಬದುಕುತ್ತದೆ.

ಮುಂದಿನ ಎಳ್ಳಮಾವಾಸ್ಯೆಗೆ ತವರಿಗೆ ಹೋದಾಗ ಮತ್ತೆ ಗುಲಗಂಜಿ ತರಬೇಕೆನಿಸಿದರೆ, ಹೊಳೆಯುವ ದೊಡ್ಡ ಹುಳುಗಳನ್ನು ಬಿಟ್ಟು ಅವುಗಳ ಮರಿಗಳನ್ನು ಹುಡುಕಿ. ಕಪ್ಪು ಮೈಯ ಮೇಲೆ ಹಳದಿ ಮಚ್ಚೆ, ಆರು ಕಾಲು, ಹಲ್ಲಿಯ ಮರಿಯಂಥ ನಡಿಗೆ. ರೆಕ್ಕೆ ಇಲ್ಲದ ಕಾರಣ ಗಾಜಿಗೆ ಹೋಗುವುದಿಲ್ಲ, ಹಸಿವು ದೊಡ್ಡ ಹುಳುವಿಗಿಂತ ಕಡಿಮೆಯೇನಲ್ಲ. ಎಲೆಯ ಸಮೇತ ಕತ್ತರಿಸಿ, ತೂತಿನ ಡಬ್ಬಿಯಲ್ಲಿ ತನ್ನಿ. ಔಷಧ ಹೊಡೆದ ಹೊಲದಿಂದ ಬೇಡ. ಹೇನಿರುವ ಗಿಡ ಮನೆಯಲ್ಲಿದ್ದರೆ ಮಾತ್ರ ತನ್ನಿ.

ಹುಳು ಎಲ್ಲಿ ಸಿಗುತ್ತದೆ ಎಂದರೆ, ಹೆಬ್ಬಾಳದ ಆ ಸಂಸ್ಥೆಯಿಂದ ಕೀಟಗಳ ತಳಿ ಕೊಳ್ಳಬಹುದು. ವಿಜಯಪುರದ ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಇದು ಕಿರಾಣಿ ಅಂಗಡಿಯ ಸಾಮಾನಲ್ಲ, ಹೋದ ದಿನವೇ ಸಿಗಲಿಕ್ಕಿಲ್ಲ. ತಿಂಗಳು ಮೊದಲೇ ಕೇಳಿ, ಬೇಕಾದಷ್ಟನ್ನೇ ಹೇಳಿ. ಪರಿಚಯದ ದ್ರಾಕ್ಷಿ ಬೆಳೆಗಾರರಿದ್ದರೆ ಅವರು ತರಿಸುವಾಗ ನಿಮ್ಮ ಮೂವತ್ತನ್ನೂ ಸೇರಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ಕೊರಿಯರ್ ಆದರೆ ವಾರದ ಆರಂಭದಲ್ಲಿ ಕಳಿಸಲು ಹೇಳಿ. ಶನಿವಾರ ಹೊರಟ ಪೆಟ್ಟಿಗೆ ಭಾನುವಾರವೆಲ್ಲ ತಗಡಿನ ಗೋದಾಮಿನಲ್ಲಿ ಕೂತರೆ ಸೋಮವಾರ ನಿಮಗೆ ಸಿಗುವುದು ಹುರಿದ ದುಂಬಿ. ತರಿಸುವ ಎರಡು ವಾರ ಮೊದಲೇ ಬೇವಿನ ಎಣ್ಣೆ ನಿಲ್ಲಿಸಿ, ಎಲೆಗಳನ್ನು ಬರಿ ನೀರಿನಿಂದ ತೊಳೆಯಿರಿ. ನಡುವೆ ತೀರ ಅಗತ್ಯ ಬಿದ್ದರೆ ಸಾಬೂನಿನ ತಿಳಿ ದ್ರಾವಣ ಆದೀತು, ಒಣಗಿದ ಮೇಲೆ ಅದರ ವಿಷ ಉಳಿಯುವುದಿಲ್ಲ.

ಮಕ್ಕಳ ವಿಷಯ. ಕ್ರಿಪ್ಟೋಲೇಮಸ್ ಕಚ್ಚುವುದಿಲ್ಲ. ಕ್ರೈಸೋಪರ್ಲಾ ಮರಿ ಕೈಗೆ ಹತ್ತಿದರೆ ಒಮ್ಮೊಮ್ಮೆ ಚುಚ್ಚಿ ನೋಡುತ್ತದೆ, ಇರುವೆ ಕಚ್ಚಿದಷ್ಟೂ ಆಗುವುದಿಲ್ಲ. ಮಕ್ಕಳಿಗೇ ಭೂತಗನ್ನಡಿ ಕೊಟ್ಟು, ದಿನಾ ಸಂಜೆ ಒಂದು ಗುರುತು ಮಾಡಿದ ರೆಂಬೆಯಲ್ಲಿ ಬಿಳಿ ಉಂಡೆ ಎಷ್ಟು, ನಡೆಯುವ ಬಿಳಿ ಹುಳು ಎಷ್ಟು ಎಂದು ಎಣಿಸಲು ಹೇಳಿ. ದೊಡ್ಡವರಿಗಿಂತ ಅವರ ಲೆಕ್ಕ ಸರಿ ಇರುತ್ತದೆ. ಮನೆ ತುಂಬ ಹುಳುವಾದೀತೆಂಬ ಹೆದರಿಕೆಯೂ ಬೇಡ, ಹಿಟ್ಟು ತಿಗಣೆ ಮುಗಿದ ಮೇಲೆ ಕ್ರಿಪ್ಟೋಲೇಮಸ್‌ಗೆ ನಿಮ್ಮ ಮನೆಯಲ್ಲಿ ಕೆಲಸವಿಲ್ಲ. ಒಂದು ಬೆಳಿಗ್ಗೆ ಮತ್ತೆ ಕಿಟಕಿಯ ಗಾಜಿನ ಮೇಲೆ ದುಂಬಿಗಳು ಕಾಣಿಸುತ್ತವೆ. ಈ ಸಲ ಗಾಬರಿಯಾಗದೆ ಗಾಜು ಸರಿಸಿ. ನಿಮ್ಮ ಓಣಿಯಲ್ಲಿ ದಾಸವಾಳ ಇನ್ನೂ ಎಷ್ಟೋ ಮನೆಗಳಲ್ಲಿದೆ.